ಮೈಕ್ರೋಸ್ಕೋಪ್ ಕ್ಯಾಮೆರಾದ ನೇರ ದೃಶ್ಯ: ವಿಂಡೋ ಏಕೆ ನಿಂತುಬಿಡುತ್ತದೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತೇನೆ. ನಮ್ಮ ಪ್ರಯೋಗಾಲಯದ ಮೈಕ್ರೋಸ್ಕೋಪಿನ ಐಪೀಸ್ ಇರುವಲ್ಲಿ ಕೂರಿಸುವ ಒಂದು ಯುಎಸ್‌ಬಿ ಕ್ಯಾಮೆರಾ ಇದೆ. ಈರುಳ್ಳಿ ಸಿಪ್ಪೆಯ ಸ್ಲೈಡನ್ನು ಇಡೀ ತರಗತಿಗೆ ಒಮ್ಮೆಲೇ ತೋರಿಸಬೇಕೆಂದು ಪೈಥಾನ್‌ನಲ್ಲಿ, ವಿಂಡೋ ಮಾಡುವ ಟಿಕಿಂಟರ್ ಮತ್ತು ಕ್ಯಾಮೆರಾದ ಚಿತ್ರ ಓದುವ ಓಪನ್‌ಸಿವಿ ಎಂಬ ಲೈಬ್ರರಿಗಳನ್ನು ಬಳಸಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ‘ಆರಂಭಿಸು’ ಬಟನ್ ಒತ್ತಿದ ಕೂಡಲೇ ವಿಂಡೋ ಸ್ತಬ್ಧವಾಗುತ್ತದೆ. ಲೂಪಿನೊಳಗೆ ‘ಅಪ್‌ಡೇಟ್’ ಸೇರಿಸಿ, ಚಿತ್ರ ತೋರಿಸುವ ಭಾಗವನ್ನು ಬೇರೆ ಫಂಕ್ಷನ್ನಿಗೆ ಹಾಕಿದರೆ ಚಿತ್ರ ಮಿಂಚಿ ಮಾಯವಾಗುತ್ತದೆ. ಕಂಡಷ್ಟರಲ್ಲಿ, ಸ್ಲೈಡಿಗೆ ಬಣ್ಣ ಕೊಡಲು ಹಾಕಿದ ಸ್ಯಾಫ್ರನಿನ್‌ನ ಕೆಂಪು ನೀಲಿಯಾಗಿ ಕಾಣುತ್ತದೆ. ವಿಂಡೋ ಮುಚ್ಚಿದರೂ ಕ್ಯಾಮೆರಾದ ದೀಪ ಆರುವುದಿಲ್ಲ. ನಾನು ಥ್ರೆಡ್ (ಪ್ರೋಗ್ರಾಮಿನೊಳಗೆ ಜೊತೆಜೊತೆಯಾಗಿ ನಡೆಯುವ ಇನ್ನೊಂದು ಕೆಲಸದ ಎಳೆ) ಬಳಸಬೇಕೇ? ಅಥವಾ ಟಿಕಿಂಟರ್ ಬಿಟ್ಟು, ವಿಂಡೋ ಮಾಡುವ ಇನ್ನೊಂದು ಲೈಬ್ರರಿಯಾದ ಕ್ಯೂಟಿಗೆ ಹೋಗಬೇಕೇ?

ಉತ್ತರ: ನಿಮ್ಮ ನಾಲ್ಕು ತೊಂದರೆಗಳಲ್ಲಿ ಮೊದಲನೆಯದು ಪ್ರೋಗ್ರಾಮಿನ ರಚನೆಗೇ ಸಂಬಂಧಿಸಿದ್ದು, ಉಳಿದವು ಕೆಲವೇ ಸಾಲುಗಳಲ್ಲಿ ಸರಿಹೋಗುವಂಥವು. ಆದ್ದರಿಂದ ಮೊದಲನೆಯದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಟಿಕಿಂಟರ್ ಬಿಡುವ ಅಗತ್ಯ ಖಂಡಿತ ಇಲ್ಲ. ಥ್ರೆಡ್ ಬೇಕು, ಮತ್ತು ನಿಮ್ಮ ಸಂದರ್ಭದಲ್ಲಿ ಅದು ಏಕೆ ಬೇಕು ಎಂಬುದಕ್ಕೆ ಮೈಕ್ರೋಸ್ಕೋಪಿಗೇ ಸಂಬಂಧಿಸಿದ ಒಂದು ಕಾರಣವಿದೆ.

ಟಿಕಿಂಟರ್‌ನಲ್ಲಿ ‘ಮೇನ್‌ಲೂಪ್’ ಕರೆದ ಕ್ಷಣದಿಂದ ವಿಂಡೋ ಮುಚ್ಚುವವರೆಗೆ ಮುಖ್ಯ ಥ್ರೆಡ್ ಮಾಡುವುದು ಒಂದೇ ಕೆಲಸ. ಮೌಸ್ ಒತ್ತಿದ್ದು, ಕೀ ಒತ್ತಿದ್ದು, ವಿಂಡೋದ ಅಳತೆ ಬದಲಾದದ್ದು, ಪರದೆಯ ಯಾವುದೋ ಭಾಗವನ್ನು ಮತ್ತೆ ಬಿಡಿಸಬೇಕಾಗಿ ಬಂದದ್ದು, ಇಂಥ ಘಟನೆಗಳನ್ನು ಸರದಿಯಿಂದ ಒಂದೊಂದಾಗಿ ಎತ್ತಿಕೊಂಡು, ಅದಕ್ಕೆ ಗೊತ್ತುಮಾಡಿದ ಫಂಕ್ಷನ್ ನಡೆಸಿ, ಅದು ಪೂರ್ತಿ ಮುಗಿದ ಮೇಲಷ್ಟೇ ಮುಂದಿನದಕ್ಕೆ ಕೈಹಾಕುವುದು. ನಿಮ್ಮ ‘ಆರಂಭಿಸು’ ಬಟನ್ನಿನ ಫಂಕ್ಷನ್ ಒಳಗೆ ಕೊನೆಯೇ ಇಲ್ಲದ ‘ವೈಲ್’ ಲೂಪ್ ಇರುವುದರಿಂದ ಆ ಫಂಕ್ಷನ್ ಮುಗಿಯುವುದೇ ಇಲ್ಲ. ವಿಂಡೋದಲ್ಲಿ ಚಿತ್ರ ತೋರಿಸುವ ಲೇಬಲ್ಲಿಗೆ ನೀವು ಹೊಸ ಚಿತ್ರಗಳನ್ನು ಒಂದರ ಮೇಲೊಂದು ಕೊಡುತ್ತಿದ್ದೀರಿ ನಿಜ. ಆದರೆ ಅವನ್ನು ಪರದೆಯ ಮೇಲೆ ಬಿಡಿಸುವುದೂ ಅದೇ ಸರದಿಯಲ್ಲಿ ನಿಂತು ಕಾಯುತ್ತಿರುವ ಒಂದು ಘಟನೆಯೇ. ಒಬ್ಬರೇ ನೋಡಿಕೊಳ್ಳುವ ಕಿರಾಣಿ ಅಂಗಡಿಯಲ್ಲಿ, ಗಲ್ಲಾದ ಮುಂದೆ ಇರಬೇಕಾದವರು ಹಿಂದಿನ ಗೋದಾಮಿಗೆ ಮೂಟೆ ಇಳಿಸಲು ಹೋದರೆ ಗಿರಾಕಿಗಳು ಕಾಯಲೇಬೇಕಾಗುತ್ತದಲ್ಲ, ಇಲ್ಲಿ ಆಗಿರುವುದೂ ಅದೇ.

ಲೂಪಿನೊಳಗೆ ‘ಅಪ್‌ಡೇಟ್’ ಸೇರಿಸಿದಾಗ ಚಿತ್ರ ಚಲಿಸಿದ್ದು, ಆ ಕರೆ ಸರದಿಯಲ್ಲಿದ್ದ ಘಟನೆಗಳನ್ನು ನಡುವೆಯೇ ನಡೆಸಿಬಿಡುವುದರಿಂದ. ಈ ದಾರಿಯನ್ನು ಬಿಡಿ ಎಂದೇ ಹೇಳುತ್ತೇನೆ. ಆಗ ಒಂದು ಘಟನೆಯ ಹೊಟ್ಟೆಯೊಳಗೆ ಇನ್ನೊಂದು ಘಟನೆ ನಡೆಯುತ್ತದೆ. ‘ಆರಂಭಿಸು’ ಬಟನ್ನನ್ನು ಎರಡನೆಯ ಸಲ ಒತ್ತಿದರೆ ಲೂಪಿನೊಳಗೆ ಮತ್ತೊಂದು ಲೂಪ್ ಹುಟ್ಟುತ್ತದೆ. ಲೂಪ್ ಓಡುತ್ತಿರುವಾಗ ವಿಂಡೋ ಮುಚ್ಚಿದರೆ, ಇಲ್ಲವಾದ ಲೇಬಲ್ಲಿಗೆ ಚಿತ್ರ ಹಾಕಲು ಹೋಗಿ ಪ್ರೋಗ್ರಾಂ ದೋಷ ಕೊಡುತ್ತದೆ.

ಟಿಕಿಂಟರ್ ಇದಕ್ಕಾಗಿಯೇ ‘ಆಫ್ಟರ್’ ಎಂಬ ವ್ಯವಸ್ಥೆಯನ್ನು ಇಟ್ಟಿದೆ. ‘ಇಷ್ಟು ಮಿಲಿಸೆಕೆಂಡುಗಳ ನಂತರ ಈ ಫಂಕ್ಷನ್ನನ್ನು ಒಮ್ಮೆ ನಡೆಸು’ ಎಂದು ಅದಕ್ಕೆ ಹೇಳಿಡಬಹುದು. ಫಂಕ್ಷನ್ ಒಂದು ಫ್ರೇಮ್ (ವಿಡಿಯೋದ ಒಂದು ಬಿಡಿ ಚಿತ್ರ) ತೋರಿಸಿ, ತನ್ನ ಮುಂದಿನ ಸರದಿಯನ್ನು ತಾನೇ ‘ಆಫ್ಟರ್’ ಮೂಲಕ ಗೊತ್ತುಮಾಡಿ, ಕೂಡಲೇ ಮರಳುತ್ತದೆ. ನಡುವಿನ ಬಿಡುವಿನಲ್ಲಿ ಬಟನ್‌ಗಳು ಕೆಲಸ ಮಾಡುತ್ತವೆ. ನಿಮ್ಮ ‘ವೈಲ್’ ಲೂಪ್ ಹೋಗಿ ಆ ಜಾಗಕ್ಕೆ ಇದು ಬರಬೇಕು. ಅನೇಕ ಪಾಠಗಳು ಇಲ್ಲಿಗೇ ನಿಲ್ಲುತ್ತವೆ, ಮತ್ತು ಲ್ಯಾಪ್‌ಟಾಪಿನಲ್ಲೇ ಇರುವ ಕ್ಯಾಮೆರಾದಿಂದ ಬೆಳಕಿರುವ ಕೋಣೆಯಲ್ಲಿ ಮುಖ ನೋಡುವಷ್ಟಕ್ಕೆ ಇದು ಸಾಕು ಕೂಡ.

ಆದರೆ ನಿಮಗೆ ಸಾಲದು. ಓಪನ್‌ಸಿವಿಯ ‘ರೀಡ್’ ಎಂಬ ಕರೆ, ಕ್ಯಾಮೆರಾದಿಂದ ಮುಂದಿನ ಫ್ರೇಮ್ ಬರುವವರೆಗೆ ಮರಳುವುದಿಲ್ಲ. ಸೆಕೆಂಡಿಗೆ 30 ಫ್ರೇಮ್ ಕೊಡುವ ಕ್ಯಾಮೆರಾದಲ್ಲಿ ಈ ಕಾಯುವಿಕೆ ಹೆಚ್ಚೆಂದರೆ 33 ಮಿಲಿಸೆಕೆಂಡಿನ ಆಸುಪಾಸು. ಕಣ್ಣಿಗೆ ಅದು ತಿಳಿಯುವುದಿಲ್ಲ. ಆದರೆ ಬೆಳಕು ಕಡಿಮೆಯಾದಾಗ ಸ್ವಯಂಚಾಲಿತ ಎಕ್ಸ್‌ಪೋಷರ್ ಇರುವ ಹೆಚ್ಚಿನ ಯುಎಸ್‌ಬಿ ಕ್ಯಾಮೆರಾಗಳು ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಹಿಡಿಯಲು ಹೋಗಿ ತಮ್ಮ ಗತಿಯನ್ನು ತಾವೇ ತಗ್ಗಿಸುತ್ತವೆ. ಮೈಕ್ರೋಸ್ಕೋಪಿನಲ್ಲಿ ಕಡಿಮೆ ವರ್ಧನೆಯಿಂದ ಹೆಚ್ಚಿನದಕ್ಕೆ ಮಸೂರ ತಿರುಗಿಸಿದಾಗ ದೃಶ್ಯ ಕತ್ತಲಾಗುವುದು ನಿಮಗೆ ದಿನವೂ ಕಾಣುವ ಸಂಗತಿ; ಆಗ ಫ್ರೇಮಿನ ಗತಿ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದು, ‘ರೀಡ್’ ಕಾಯುವ ಅವಧಿ ಅಷ್ಟೇ ಪಟ್ಟು ಹೆಚ್ಚಿ, ವಿಂಡೋ ಎಳೆದಾಡಿದಂತೆ ಭಾಸವಾಗತೊಡಗುತ್ತದೆ. ಕೇಬಲ್ ಸಡಿಲವಾದರಂತೂ ‘ರೀಡ್’ ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂಬುದು ಪ್ರೋಗ್ರಾಮಿನ ಕೈಯಲ್ಲಿ ಇರುವುದಿಲ್ಲ. ಕಾಯುವ ಕೆಲಸ ಯಾವುದೇ ಇರಲಿ, ಅದು ಮುಖ್ಯ ಥ್ರೆಡ್ಡಿನಲ್ಲಿ ಇರಬಾರದು ಎಂಬುದು ಇದರ ತಾತ್ಪರ್ಯ.

ಹಾಗಾಗಿ ಕೆಲಸವನ್ನು ಎರಡಾಗಿ ಒಡೆಯಿರಿ. ಒಂದು ಹಿನ್ನೆಲೆಯ ಥ್ರೆಡ್ ಕ್ಯಾಮೆರಾವನ್ನು ತೆರೆಯಲಿ, ‘ರೀಡ್’ ಮಾಡುತ್ತಲೇ ಇರಲಿ, ಬಂದ ಫ್ರೇಮನ್ನು ಒಂದೇ ಒಂದು ವೇರಿಯಬಲ್ಲಿನಲ್ಲಿ ಇಡಲಿ. ಮುಖ್ಯ ಥ್ರೆಡ್ಡಿನ ‘ಆಫ್ಟರ್’ ಫಂಕ್ಷನ್ ಸುಮಾರು 15 ಮಿಲಿಸೆಕೆಂಡಿಗೊಮ್ಮೆ ಎದ್ದು, ಆ ವೇರಿಯಬಲ್ಲಿನಲ್ಲಿ ಹೊಸತು ಬಂದಿದ್ದರೆ ತೋರಿಸಲಿ, ಬಂದಿಲ್ಲದಿದ್ದರೆ ಸುಮ್ಮನೆ ಮರಳಲಿ. ಹೊಸತೋ ಹಳತೋ ಎಂದು ತಿಳಿಯಲು ಫ್ರೇಮಿನ ಜೊತೆಗೆ ಏರುತ್ತಾ ಹೋಗುವ ಒಂದು ಕ್ರಮಸಂಖ್ಯೆ ಇಟ್ಟರೆ ಸಾಕು. ಓಪನ್‌ಸಿವಿ ತನ್ನ ಒಳಗಿನ ಕೆಲಸದ ಹೊತ್ತಿನಲ್ಲಿ ಪೈಥಾನ್‌ನ ಜಾಗತಿಕ ಲಾಕನ್ನು (ಒಂದು ಸಲಕ್ಕೆ ಒಂದೇ ಥ್ರೆಡ್ಡಿಗೆ ಓಡಲು ಬಿಡುವ ಬೀಗವನ್ನು) ಬಿಟ್ಟುಕೊಡುವುದರಿಂದ, ಪೈಥಾನ್‌ನಲ್ಲಿ ಥ್ರೆಡ್ ಬಳಸಿ ಪ್ರಯೋಜನವಿಲ್ಲ ಎಂಬ ಸಾಮಾನ್ಯ ಮಾತು ಇಲ್ಲಿ ಅನ್ವಯಿಸುವುದಿಲ್ಲ. ಒಂದು ನಿಯಮವನ್ನು ಮಾತ್ರ ಮೀರಬೇಡಿ: ಲೇಬಲ್, ಬಟನ್, ಕ್ಯಾನ್ವಾಸ್ ಸೇರಿದಂತೆ ಟಿಕಿಂಟರ್‌ಗೆ ಸೇರಿದ ಯಾವುದನ್ನೂ ಹಿನ್ನೆಲೆಯ ಥ್ರೆಡ್ ಮುಟ್ಟಬಾರದು. ಮುಟ್ಟಿದರೆ ಎಷ್ಟೋ ಸಲ ಏನೂ ಆಗದಂತೆ ಕಂಡು, ಪಾಠದ ನಡುವೆ ಯಾವಾಗಲೋ ಪ್ರೋಗ್ರಾಂ ಕುಸಿಯುತ್ತದೆ, ಮತ್ತು ಅಂಥ ದೋಷವನ್ನು ಹುಡುಕುವುದು ಬಹಳ ಕಷ್ಟ.

ಫ್ರೇಮುಗಳನ್ನು ಸಾಲಾಗಿ ಕ್ಯೂನಲ್ಲಿ ಇಟ್ಟು ಒಂದೊಂದಾಗಿ ತೋರಿಸಬೇಕೆಂದು ಅನೇಕರಿಗೆ ಅನ್ನಿಸುತ್ತದೆ. ನೇರ ದೃಶ್ಯಕ್ಕೆ ಅದು ಸಲ್ಲದು. ತೋರಿಸುವ ಕಡೆ ಸ್ವಲ್ಪ ನಿಧಾನವಾದರೂ ಕ್ಯೂ ಬೆಳೆಯುತ್ತಾ ಹೋಗುತ್ತದೆ, ಮತ್ತು ಪರದೆಯ ಮೇಲಿನ ದೃಶ್ಯ ವಾಸ್ತವಕ್ಕಿಂತ ಹಿಂದೆ ಹಿಂದೆ ಬೀಳುತ್ತದೆ. ಮೈಕ್ರೋಸ್ಕೋಪಿನ ಮುಂದೆ ಇದು ಎಷ್ಟು ಕೆಡುಕು ಎಂಬುದನ್ನು ಯೋಚಿಸಿ: ವಿದ್ಯಾರ್ಥಿಯ ಕೈ ಸೂಕ್ಷ್ಮ ಹೊಂದಾಣಿಕೆಯ ತಿರುಪಿನ ಮೇಲಿರುತ್ತದೆ, ಕಣ್ಣು ಪರದೆಯ ಮೇಲಿರುತ್ತದೆ. ಫೋಕಸ್ ಕೂಡಿಬಂದದ್ದು ಪರದೆಯಲ್ಲಿ ಅರ್ಧ ಸೆಕೆಂಡ್ ತಡವಾಗಿ ಕಂಡರೆ ಅಷ್ಟರಲ್ಲಿ ಕೈ ಆ ಬಿಂದುವನ್ನು ದಾಟಿರುತ್ತದೆ. ಹಿಂದಕ್ಕೆ ತಿರುಗಿಸಿದಾಗಲೂ ಹಾಗೆಯೇ. ಹೆಚ್ಚಿನ ವರ್ಧನೆಯಲ್ಲಿ ಮಸೂರ ಸ್ಲೈಡಿಗೆ ತಾಗುವುದೂ ಹೀಗೆಯೇ. ಇದಕ್ಕಾಗಿಯೇ ಒಂದೇ ಫ್ರೇಮಿಗೆ ಜಾಗವಿಟ್ಟು, ಹೊಸತು ಬಂದ ಕೂಡಲೇ ಹಳತನ್ನು ಎಸೆಯಬೇಕೆಂದು ನಾನು ಒತ್ತಿ ಹೇಳುವುದು. ನಡುವೆ ಕೆಲವು ಫ್ರೇಮುಗಳು ತಪ್ಪಿಹೋದರೆ ಯಾರಿಗೂ ತಿಳಿಯುವುದಿಲ್ಲ. ತಡವಾದರೆ ಕೈಗೆ ತಿಳಿಯುತ್ತದೆ.

ಎಷ್ಟು ಬೇಗ ತೋರಿಸಬೇಕು ಎಂಬುದನ್ನು ನಿರ್ಧರಿಸುವುದು ನೋಡುವ ವಸ್ತುವೇ ಹೊರತು ಕ್ಯಾಮೆರಾ ಅಲ್ಲ. 1991ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದ ಸಂಶೋಧಕರು ತಮ್ಮ ಕಾಫಿ ಪಾತ್ರೆಗೆ ಕ್ಯಾಮೆರಾ ಹಿಡಿದು, ಅದರ ಚಿಕ್ಕ ಕಪ್ಪು ಬಿಳುಪು ಚಿತ್ರವನ್ನು ಎಲ್ಲರ ಪರದೆಯ ಮೂಲೆಯಲ್ಲಿ ತೋರಿಸುವ ‘ಎಕ್ಸ್‌ಕಾಫಿ’ ಎಂಬ ಸಣ್ಣ ಪ್ರೋಗ್ರಾಂ ಬರೆದಿದ್ದರು. ಚಿತ್ರ ಬದಲಾಗುತ್ತಿದ್ದದ್ದು ನಿಮಿಷಕ್ಕೆ ಮೂರು ಸಲದಷ್ಟು ಮಾತ್ರ. ಪಾತ್ರೆಯಲ್ಲಿ ಕಾಫಿ ಇದೆಯೇ ಇಲ್ಲವೇ ಎಂದು ತಿಳಿಯಲು ಅಷ್ಟು ಸಾಕಾಗಿತ್ತು. ನಿಮ್ಮಲ್ಲಿ ಕೈಯೂ ಕಣ್ಣೂ ಜೊತೆಯಾಗಿ ಕೆಲಸ ಮಾಡಬೇಕಾದ್ದರಿಂದ ಸಾಕಾಗುವುದಿಲ್ಲ.

ಇನ್ನು ಚಿತ್ರ ಮಿಂಚಿ ಮಾಯವಾಗುವ ವಿಷಯ. ಲೇಬಲ್ಲಿಗೆ ‘ಫೋಟೋಇಮೇಜ್’ ಕೊಟ್ಟಾಗ, ಟಿಕಿಂಟರ್‌ನ ಒಳಗೆ ಕೆಲಸ ಮಾಡುವ ಟಿಕೆ ಇಟ್ಟುಕೊಳ್ಳುವುದು ಆ ಚಿತ್ರದ ಹೆಸರನ್ನು ಮಾತ್ರ. ಪೈಥಾನ್ ಕಡೆಯ ವಸ್ತುವನ್ನು ಹಿಡಿದಿಡುವ ಹೊಣೆ ನಿಮ್ಮದು. ಅದು ಫಂಕ್ಷನ್ನಿನ ಒಳಗಿನ ಸ್ಥಳೀಯ ವೇರಿಯಬಲ್ ಆಗಿದ್ದರೆ, ಫಂಕ್ಷನ್ ಮುಗಿದೊಡನೆ ಪೈಥಾನ್ ಆ ವಸ್ತುವನ್ನು ತೆಗೆದುಹಾಕುತ್ತದೆ, ಅದರೊಂದಿಗೆ ಚಿತ್ರವೂ ಅಳಿಯುತ್ತದೆ. ದೋಷದ ಸಂದೇಶ ಬರುವುದಿಲ್ಲ. ಜಾಗ ಖಾಲಿಯಾಗುತ್ತದೆ, ಅಷ್ಟೆ. ಚಿತ್ರವನ್ನು ಕ್ಲಾಸಿನ ಗುಣವಾಗಿಯೋ ಲೇಬಲ್ಲಿಗೇ ಅಂಟಿಸಿದ ಗುಣವಾಗಿಯೋ ಇಟ್ಟುಕೊಂಡರೆ ತೊಂದರೆ ನೀಗುತ್ತದೆ. ಇದಕ್ಕಿಂತ ಒಳ್ಳೆಯದೆಂದರೆ, ಪಿಲ್ಲೋ ಎಂಬ ಚಿತ್ರಗಳ ಲೈಬ್ರರಿಯ ‘ಫೋಟೋಇಮೇಜ್’ ಒಂದನ್ನು ಆರಂಭದಲ್ಲಿ ಒಮ್ಮೆ ಮಾಡಿಕೊಂಡು, ಪ್ರತಿ ಫ್ರೇಮನ್ನೂ ಅದರ ಮೇಲೆಯೇ ‘ಪೇಸ್ಟ್’ ಮಾಡುವುದು. ಅಳತೆ ಬದಲಾದಾಗ ಮಾತ್ರ ಹೊಸದು ಮಾಡಿದರಾಯಿತು.

ಬಣ್ಣದ ತೊಂದರೆಯನ್ನು ಚಿಕ್ಕದೆಂದು ಎಣಿಸಬೇಡಿ. 1999ರಲ್ಲಿ ಇಂಟೆಲ್‌ನಲ್ಲಿ ಆರಂಭವಾದ ಓಪನ್‌ಸಿವಿ, ಆ ಕಾಲದ ರೂಢಿಯಂತೆ ಪ್ರತಿ ಪಿಕ್ಸೆಲ್ಲನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಇಡುತ್ತದೆ. ಪಿಲ್ಲೋ ಕೆಂಪು, ಹಸಿರು, ನೀಲಿ ಎಂದು ಓದುತ್ತದೆ. ತೋರಿಸುವ ಮೊದಲು ಓಪನ್‌ಸಿವಿಯ ‘ಸಿವಿಟಿ ಕಲರ್’ ಫಂಕ್ಷನ್ನಿನಿಂದ ಕ್ರಮ ಬದಲಿಸಬೇಕು. ಬದಲಿಸದಿದ್ದರೆ ಸ್ಯಾಫ್ರನಿನ್‌ನ ಗುಲಾಬಿ ಕೆಂಪು ನೀಲಿ ನೇರಳೆಯಾಗುತ್ತದೆ. ಅಯೋಡಿನ್ ಹಾಕಿದ ಸ್ಲೈಡಿನಲ್ಲಿ ಇನ್ನೂ ಅಪಾಯ: ಅಯೋಡಿನ್‌ನ ಹಳದಿ ಕಂದು ಬಣ್ಣ ಪರದೆಯ ಮೇಲೆ ನೀಲಿಯಾಗಿ ಕಂಡು, ಪಿಷ್ಟವೇ ಇಲ್ಲದ ಕಡೆ ಪಿಷ್ಟವಿದೆ ಎಂದು ಮಕ್ಕಳು ದಾಖಲೆ ಪುಸ್ತಕದಲ್ಲಿ ಬರೆದುಬಿಡಬಹುದು. ಹಸಿರು ನಡುವಿನ ಸ್ಥಾನದಲ್ಲಿದ್ದು ಬದಲಾಗದೆ ಉಳಿಯುವುದರಿಂದ ಹೈಡ್ರಿಲ್ಲಾ ಎಲೆಯ ಸ್ಲೈಡಿನಲ್ಲಿ ಈ ದೋಷ ಹೆಚ್ಚು ಕಡಿಮೆ ಮರೆಯಾಗುತ್ತದೆ. ಆದ್ದರಿಂದ ಪರೀಕ್ಷಿಸುವಾಗ ಕೆಂಪು ಬಣ್ಣದ ವಸ್ತುವನ್ನೇ ಕ್ಯಾಮೆರಾಕ್ಕೆ ಹಿಡಿಯಿರಿ. ಓಪನ್‌ಸಿವಿಯದೇ ‘ಇಮ್‌ಶೋ’ ವಿಂಡೋದಲ್ಲಿ ಬಣ್ಣ ಸರಿಯಾಗಿ ಕಾಣುವುದು, ಅದು ತನ್ನದೇ ಕ್ರಮವನ್ನು ತಾನು ಬಲ್ಲದು ಎಂಬ ಕಾರಣಕ್ಕೆ. ಅದನ್ನು ನೋಡಿ ನಿಮ್ಮ ವಿಂಡೋವೂ ಸರಿ ಎಂದು ತಿಳಿಯುವಂತಿಲ್ಲ.

ನೀವು ಕೇಳದಿದ್ದರೂ, ದೊಡ್ಡ ಅಳತೆಯ ಚಿತ್ರ ಬೇಕೆಂದ ದಿನ ಎದುರಾಗುವ ಒಂದು ಲೆಕ್ಕವನ್ನು ಹೇಳಲೇಬೇಕು. ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 480 ಮೆಗಾಬಿಟ್ ಎಂದು ಬರೆದಿರುತ್ತದಾದರೂ, ಬಹುತೇಕ ವೆಬ್‌ಕ್ಯಾಮ್‌ಗಳು ಬಳಸುವ ಐಸೊಕ್ರೋನಸ್ (ನಿಗದಿತ ಸಮಯಕ್ಕೆ ನಿಗದಿತ ಪಾಲು ಕಳಿಸುವ) ವಿಧಾನದಲ್ಲಿ ಒಂದು ಸಾಧನಕ್ಕೆ ದಕ್ಕುವುದು ಸೆಕೆಂಡಿಗೆ ಹೆಚ್ಚೆಂದರೆ 2,45,76,000 ಬೈಟ್. ಸಂಕುಚಿತಗೊಳಿಸದ ‘ವೈಯುವೈವಿ’ ಸ್ವರೂಪದಲ್ಲಿ ಪಿಕ್ಸೆಲ್ಲಿಗೆ 2 ಬೈಟ್ ಬೇಕು. 640×480 ಅಳತೆಯಲ್ಲಿ 30 ಫ್ರೇಮುಗಳಿಗೆ 1,84,32,000 ಬೈಟ್ ಆಗುತ್ತದೆ, ಹಿಡಿಸುತ್ತದೆ. 1280×720ಕ್ಕೆ ಹೋದರೆ 5,52,96,000 ಬೈಟ್ ಆಗುತ್ತದೆ, ಹಿಡಿಸುವುದಿಲ್ಲ. ಕ್ಯಾಮೆರಾ ತನ್ನ ಗತಿಯನ್ನು ಸೆಕೆಂಡಿಗೆ 10 ಫ್ರೇಮಿಗೋ ಅದರ ಆಸುಪಾಸಿಗೋ ಇಳಿಸುತ್ತದೆ. ಆಗ ಪ್ರೋಗ್ರಾಮನ್ನು ದೂರಿ ಫಲವಿಲ್ಲ. ಕ್ಯಾಮೆರಾಕ್ಕೆ ‘ಎಂಜೆಪೆಗ್’ ಸ್ವರೂಪದಲ್ಲಿ ಕಳಿಸು ಎಂದು ಹೇಳಿದರೆ ಅದು ಪ್ರತಿ ಫ್ರೇಮನ್ನೂ ಜೆಪೆಗ್ ಆಗಿ ಕುಗ್ಗಿಸಿ ಕಳಿಸುತ್ತದೆ, ಗತಿ ಮರಳುತ್ತದೆ. ಸ್ವರೂಪವನ್ನು ಮೊದಲು, ಅಗಲ ಎತ್ತರಗಳನ್ನು ಆಮೇಲೆ ಗೊತ್ತುಮಾಡಿ, ನಂತರ ಕ್ಯಾಮೆರಾ ನಿಜವಾಗಿ ಒಪ್ಪಿದ್ದೇನು ಎಂಬುದನ್ನು ‘ಗೆಟ್’ ಮೂಲಕ ಕೇಳಿ ನೋಡಿ. ಒಪ್ಪದ ಅಳತೆಯನ್ನು ಕೇಳಿದರೆ ಅದು ದೂರು ಹೇಳದೆ ಬೇರೊಂದನ್ನು ಕೊಡುತ್ತದೆ. ಜೆಪೆಗ್‌ನಲ್ಲಿ ಕೋಶಭಿತ್ತಿಯಂಥ ತೆಳು ಗೆರೆಗಳ ಅಂಚು ಸ್ವಲ್ಪ ಮಸುಕಾಗುವುದುಂಟು. ಆದರೂ ತರಗತಿಗೆ ತೋರಿಸಲು 1280×720ರ ಎಂಜೆಪೆಗ್ಗನ್ನೇ ನಾನು ಆರಿಸುತ್ತೇನೆ, ಏಕೆಂದರೆ ಹಿಂದಿನ ಬೆಂಚಿನವರಿಗೆ ದೊಡ್ಡ ಚಿತ್ರವೂ ತಿರುಪು ಹಿಡಿದವರಿಗೆ ಒಳ್ಳೆಯ ಗತಿಯೂ ಎರಡೂ ಬೇಕು. ವಿಂಡೋಗೆ ತಕ್ಕಂತೆ ಚಿತ್ರ ಕುಗ್ಗಿಸುವ ಕೆಲಸವನ್ನೂ ಬಣ್ಣದ ಕ್ರಮ ಬದಲಿಸುವ ಕೆಲಸವನ್ನೂ ಹಿನ್ನೆಲೆಯ ಥ್ರೆಡ್ಡಿಗೇ ಒಪ್ಪಿಸಿ. ಮೂಲ ಫ್ರೇಮನ್ನು ಮಾತ್ರ ಬೇರೆಯಾಗಿ ಉಳಿಸಿಕೊಳ್ಳಿ, ಫೋಟೋ ತೆಗೆಯಲು ಅದು ಬೇಕಾಗುತ್ತದೆ.

ಕ್ಯಾಮೆರಾ ತೆರೆಯುವಾಗ ಕೊಡುವ 0 ಎಂಬ ಸಂಖ್ಯೆ ಸಾಮಾನ್ಯವಾಗಿ ಲ್ಯಾಪ್‌ಟಾಪಿನದೇ ಕ್ಯಾಮೆರಾ. ಮೈಕ್ರೋಸ್ಕೋಪಿನದು 1 ಅಥವಾ 2 ಆಗಿರಬಹುದು. ಲಿನಕ್ಸಿನಲ್ಲಿ ಒಂದೇ ಕ್ಯಾಮೆರಾ ಎರಡು ಸಾಧನಗಳಾಗಿ ಕಾಣಿಸಿಕೊಳ್ಳುವುದುಂಟು, ಅದರಲ್ಲಿ ಎರಡನೆಯದರಿಂದ ಚಿತ್ರ ಬರುವುದಿಲ್ಲ. ಹಾಗಾಗಿ ಸಂಖ್ಯೆಯನ್ನು ಪ್ರೋಗ್ರಾಮಿನಲ್ಲಿ ಅಚ್ಚೊತ್ತದೆ, ಒಂದು ಪಟ್ಟಿಯಿಂದ ಆರಿಸುವಂತೆ ಮಾಡಿ. ವಿಂಡೋಸ್‌ನಲ್ಲಿ ಕ್ಯಾಮೆರಾ ತೆರೆಯಲು ಬಹಳ ಹೊತ್ತು ಹಿಡಿದರೆ, ಅಲ್ಲಿನ ಎರಡು ಕ್ಯಾಮೆರಾ ವ್ಯವಸ್ಥೆಗಳಲ್ಲಿ ಮೀಡಿಯಾ ಫೌಂಡೇಶನ್ ಬದಲು ಡೈರೆಕ್ಟ್‌ಶೋ ಮೂಲಕ ತೆರೆಯಲು ಹೇಳಿ ನೋಡಿ. ಕ್ಯಾಮೆರಾ ತೆರೆಯಿತೇ ಎಂದು ತಿಳಿಸುವ ‘ಈಸ್‌ಓಪನ್ಡ್’ ಇಲ್ಲವೆಂದರೆ ವಿಂಡೋಸ್‌ನ ಗೋಪ್ಯತೆಯ ಸೆಟ್ಟಿಂಗಿನಲ್ಲಿ ಡೆಸ್ಕ್‌ಟಾಪ್ ಪ್ರೋಗ್ರಾಮುಗಳಿಗೆ ಕ್ಯಾಮೆರಾ ಅನುಮತಿ ಇದೆಯೇ, ಬೇರೆ ಯಾವುದಾದರೂ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿದೆಯೇ ಎಂದು ನೋಡಿ.

ವಿಂಡೋ ಮುಚ್ಚಿದ ಮೇಲೂ ದೀಪ ಉರಿಯುವುದು, ಕ್ಯಾಮೆರಾವನ್ನು ಯಾರೂ ಬಿಟ್ಟುಕೊಡದೆ ಪ್ರೋಗ್ರಾಂ ಹಿನ್ನೆಲೆಯಲ್ಲಿ ಓಡುತ್ತಲೇ ಇರುವುದರಿಂದ. ಮುಚ್ಚುವ ಗುರುತನ್ನು ಒತ್ತಿದಾಗ ನಡೆಯಬೇಕಾದ ಫಂಕ್ಷನ್ನನ್ನು ‘ಪ್ರೋಟೋಕಾಲ್’ ಮೂಲಕ ನೀವೇ ಗೊತ್ತುಮಾಡಿ. ಅದರಲ್ಲಿ ಮೊದಲು ಬಾಕಿ ಇರುವ ‘ಆಫ್ಟರ್’ ಸರದಿಯನ್ನು ರದ್ದುಮಾಡಿ, ಹಿನ್ನೆಲೆಯ ಥ್ರೆಡ್ಡಿಗೆ ನಿಲ್ಲುವ ಸೂಚನೆ ಕೊಟ್ಟು, ಅದು ಮುಗಿಯಲೆಂದು ಒಂದೆರಡು ಸೆಕೆಂಡಿನ ಮಿತಿಯಿಟ್ಟು ಕಾದು, ಕೊನೆಗೆ ವಿಂಡೋವನ್ನು ಮುಚ್ಚಬೇಕು. ಕ್ಯಾಮೆರಾದ ‘ರಿಲೀಸ್’ ಅನ್ನು ಅದನ್ನು ತೆರೆದ ಥ್ರೆಡ್ಡೇ, ತನ್ನ ಲೂಪ್ ಮುಗಿದ ಮೇಲೆ, ‘ಫೈನಲಿ’ ಭಾಗದಲ್ಲಿ ಮಾಡುವುದು ಲೇಸು. ‘ರೀಡ್’ ನಡೆಯುತ್ತಿರುವಾಗ ಇನ್ನೊಂದು ಥ್ರೆಡ್ ಕ್ಯಾಮೆರಾವನ್ನು ಕಿತ್ತುಕೊಂಡರೆ ಪ್ರೋಗ್ರಾಂ ಕುಸಿಯಬಹುದು. ಆ ಥ್ರೆಡ್ಡನ್ನು ಡೀಮನ್ ಎಂದು ಗುರುತಿಸಿಟ್ಟರೆ, ಅದು ಎಲ್ಲಾದರೂ ಸಿಕ್ಕಿಹಾಕಿಕೊಂಡರೂ ಪ್ರೋಗ್ರಾಂ ಮುಗಿಯುತ್ತದೆ. ಪಾಠದ ನಡುವೆ ಕೇಬಲ್ ಕಳಚಿದಾಗ ‘ರೀಡ್’ ವಿಫಲವೆಂದು ಹೇಳಿ ಮರಳುತ್ತದೆ. ಆಗ ಥ್ರೆಡ್ ಬಿಡುವಿಲ್ಲದೆ ಸುತ್ತದೆ, ಕ್ಯಾಮೆರಾವನ್ನು ಬಿಟ್ಟು, ಒಂದು ಸೆಕೆಂಡ್ ತಡೆದು, ಮತ್ತೆ ತೆರೆಯಲು ನೋಡುವಂತೆ ಬರೆಯಿರಿ, ಮತ್ತು ವಿಂಡೋದಲ್ಲಿ ‘ಕ್ಯಾಮೆರಾ ಸಿಗುತ್ತಿಲ್ಲ’ ಎಂಬ ಸಾಲು ಕಾಣಲಿ.

ಕ್ಯೂಟಿಯ ಬಗ್ಗೆ ಎರಡು ಮಾತು. ಕ್ಯೂಟಿ 6ರಲ್ಲಿ ಕ್ಯಾಮೆರಾವನ್ನು ನೇರವಾಗಿ ತೋರಿಸುವ ಸಿದ್ಧ ಘಟಕಗಳಿವೆ. ಚಿತ್ರವನ್ನು ಬರೀ ತೋರಿಸುವುದಾದರೆ ಓಪನ್‌ಸಿವಿಯೇ ಬೇಕಿಲ್ಲ. ಮುಂದೆ ಕೋಶಗಳನ್ನು ಅಳೆಯುವ, ಎಣಿಸುವ ದೊಡ್ಡ ಪ್ರೋಗ್ರಾಂ ಮಾಡುವ ಯೋಚನೆಯಿದ್ದರೆ ಅತ್ತ ಹೋಗಬಹುದು. ಆದರೆ ಈಗಿನ ತೊಂದರೆಗೆ ಅದು ಪರಿಹಾರವಲ್ಲ: ಕ್ಯೂಟಿಯಲ್ಲೂ ಘಟನೆಗಳ ಸರದಿ ಒಂದೇ, ಅಲ್ಲೂ ಮುಖ್ಯ ಥ್ರೆಡ್ಡಿನಲ್ಲಿ ‘ವೈಲ್’ ಲೂಪ್ ಹಾಕಿದರೆ ವಿಂಡೋ ಹೀಗೆಯೇ ನಿಲ್ಲುತ್ತದೆ.

ಕೊನೆಯದಾಗಿ ಕನ್ನಡದಲ್ಲಿ ಕೆಲಸ ಮಾಡುವವರಿಗೇ ಎದುರಾಗುವ ಎರಡು ಅಡ್ಡಿಗಳು. ಸ್ಲೈಡಿನ ಹೆಸರನ್ನು ಚಿತ್ರದ ಮೇಲೆಯೇ ಕನ್ನಡದಲ್ಲಿ ಬರೆಯಲು ಓಪನ್‌ಸಿವಿಯ ‘ಪುಟ್‌ಟೆಕ್ಸ್ಟ್’ ಬಳಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮೂಡುತ್ತದೆ, ಏಕೆಂದರೆ ಅದರಲ್ಲಿರುವ ಅಕ್ಷರಗಳು ಇಂಗ್ಲಿಷಿನವು ಮಾತ್ರ. ಪಿಲ್ಲೋದಿಂದ ಬರೆಯಬಹುದು, ಆದರೆ ಅದರ ಜೊತೆಗೆ ‘ರಾಕ್ಮ್’ ಎಂಬ ಅಕ್ಷರಜೋಡಣೆಯ ಲೈಬ್ರರಿ ಇಲ್ಲದಿದ್ದರೆ ಒತ್ತಕ್ಷರಗಳು ಕೂಡುವುದಿಲ್ಲ. ವಿಂಡೋಸ್‌ನಲ್ಲಿ ಇದಕ್ಕಿಂತ ಸುಲಭದ ದಾರಿಯೆಂದರೆ, ಚಿತ್ರದ ಕೆಳಗೆ ಇನ್ನೊಂದು ಲೇಬಲ್ ಇಟ್ಟು ಹೆಸರನ್ನು ಅದರಲ್ಲಿ ತೋರಿಸುವುದು. ಅಲ್ಲಿ ಕನ್ನಡ ಸರಿಯಾಗಿಯೇ ಮೂಡುತ್ತದೆ.

ಎರಡನೆಯದು ಫೋಟೋ ಉಳಿಸುವಾಗ. ವಿಂಡೋಸ್‌ನಲ್ಲಿ ಫೈಲಿನ ಅಥವಾ ಫೋಲ್ಡರಿನ ಹೆಸರು ‘ಎಂಟನೆಯ ತರಗತಿ’ ಎಂಬಂತೆ ಕನ್ನಡದಲ್ಲಿದ್ದರೆ ಓಪನ್‌ಸಿವಿಯ ‘ಇಮ್‌ರೈಟ್’ ಅಲ್ಲಿ ಬರೆಯಲಾರದೆ ಸೋಲಬಹುದು, ಮತ್ತು ಸೋತದ್ದನ್ನು ದೋಷವಾಗಿ ತೋರಿಸದೆ ‘ಫಾಲ್ಸ್’ ಎಂದು ಮರಳಿಸಿ ಸುಮ್ಮನಾಗುತ್ತದೆ. ಫೋಟೋ ಉಳಿದಿದೆ ಎಂದು ನಂಬಿ ಸ್ಲೈಡ್ ತೊಳೆದ ಮೇಲೆ ಅದು ತಿಳಿದರೆ ಪ್ರಯೋಜನವಿಲ್ಲ. ‘ಇಮ್‌ಎನ್‌ಕೋಡ್’ ಮೂಲಕ ಚಿತ್ರವನ್ನು ಮೊದಲು ನೆನಪಿನಲ್ಲೇ ಪಿಎನ್‌ಜಿ ಆಗಿ ಮಾಡಿಕೊಂಡು, ಆ ಬೈಟುಗಳನ್ನು ಪೈಥಾನ್‌ನದೇ ‘ಓಪನ್’ ಬಳಸಿ ಫೈಲಿಗೆ ಬರೆಯಿರಿ. ಅದಕ್ಕೆ ಕನ್ನಡದ ಹೆಸರುಗಳು ಅಡ್ಡಿಯಾಗುವುದಿಲ್ಲ. ಉಳಿಸುವುದು ವಿಂಡೋಗಾಗಿ ಕುಗ್ಗಿಸಿದ ಚಿತ್ರವನ್ನಲ್ಲ, ನೀವು ಬೇರೆಯಾಗಿ ಇಟ್ಟುಕೊಂಡ ಮೂಲ ಫ್ರೇಮನ್ನು, ಅದೂ ಬಣ್ಣದ ಕ್ರಮ ಬದಲಿಸುವ ಮೊದಲಿನ ರೂಪದಲ್ಲಿ; ಏಕೆಂದರೆ ‘ಇಮ್‌ಎನ್‌ಕೋಡ್’ ನಿರೀಕ್ಷಿಸುವುದು ನೀಲಿ, ಹಸಿರು, ಕೆಂಪು ಎಂಬ ಕ್ರಮವನ್ನೇ.